ಅಂಗಡಿಯವನಿಗೆ ಕಣ್ಣು ಹೊಡೆದರೆ ಪುಕ್ಕಟೆ

ಪ್ರಶ್ನೆ: ಬಿಸಿ ನೂಪುಟ್ಟು (ಅಕ್ಕಿ ಶಾವಿಗೆ) ಬಿಟ್ಟು ಮಗ ಕಾರ್ನ್‌ಫ್ಲೇಕ್ಸೇ ಬೇಕಂತಾನೆ, ಅದೂ ಡಬ್ಬದ ಚಿತ್ರ ನೋಡಿ. ಈ ಚಾಳಿ ಹಚ್ಚಿದ್ದು ಯಾರು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕಾರ್ನ್‌ಫ್ಲೇಕ್ಸ್ ಮಾಡುವ ಕೆಲಾಗ್ಸ್‌ನವರ ಪಾಲು ಜಾಸ್ತಿನೇ ಇದೆ. 1906ರಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಕಂಪನಿ ಶುರುವಾಯಿತು. ಮರುವರ್ಷವೇ ನ್ಯೂಯಾರ್ಕಿನ ಹೆಂಗಸರಿಗೆ, ‘ಬುಧವಾರ ದಿನಸಿ ಅಂಗಡಿಯವನಿಗೆ ಕಣ್ಣು ಹೊಡೆಯಿರಿ, ಏನು ಸಿಗುತ್ತೆ ನೋಡಿ’ ಅಂತ ಜಾಹೀರಾತು ಕೊಟ್ಟರು. ಸಿಕ್ಕಿದ್ದು ಪುಕ್ಕಟೆ ಪೊಟ್ಟಣ. (ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತೋ!) 1909ರಲ್ಲಿ ಎರಡು ಪೊಟ್ಟಣ ಕೊಂಡವರಿಗೆ ಮಕ್ಕಳ ಪುಸ್ತಕ, ಪುಟದ ಪಟ್ಟಿ ಮಗುಚಿದರೆ ಒಂದು ಪ್ರಾಣಿಯ ತಲೆಗೆ ಇನ್ನೊಂದರ ಕಾಲು. 1952ರಲ್ಲಿ ಡಬ್ಬದ ಮೇಲೆ ಟೋನಿ ಎಂಬ ಹುಲಿಯ ಚಿತ್ರ ಬಂತು. 1994ರಲ್ಲಿ ಭಾರತಕ್ಕೆ ಬಂದಾಗ ಮಾತ್ರ ಎಡವಿದರು. ನಾವು ಸುಮ್ನೆ ಬಿಸಿ ಹಾಲು ಸುರಿದೆವು, ಗರಿಗರಿ ಹೋಗಿ ಗಂಜಿಯಾಯಿತು.