ಹಳೆಯ ಸಾರಂಗಿಯ ಒಡಲಿನಲ್ಲಿ ಬೆಸುಗೆಯ ಗುರುತು ಏಕಿರುವುದಿಲ್ಲ?

ಶಿರಸಿಯ ನಿಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ ಸಾರಂಗಿಯಲ್ಲಿ ಹಲಗೆ ಕೂಡಿಸಿದ ಗುರುತೇ ಕಾಣುತ್ತಿಲ್ಲ, ಅದನ್ನು ಹೇಗೆ ಮಾಡಿರಬಹುದು ಎಂದು ಕೇಳಿದ್ದೀರಿ. ಪಿಟೀಲಿನಂತೆ ತೆಳು ಹಲಗೆಗಳನ್ನು ಅಂಟಿಸದೆ, ಸುಮಾರು ಎರಡು ಅಡಿ ಉದ್ದದ ಒಂದೇ ದಿಮ್ಮಿಯನ್ನು, ಸಾಮಾನ್ಯವಾಗಿ ನಮ್ಮ ಘಟ್ಟದಲ್ಲೂ ಬೆಳೆಯುವ ತುನ್ ಮರದ್ದನ್ನು, ಕೊರೆದು ಒಡಲು, ಕುತ್ತಿಗೆ, ತಲೆ ಮೂರನ್ನೂ ರೂಪಿಸುತ್ತಾರೆ.

ಒಡಲಿನ ಬಾಯಿಗೆ ಮೇಕೆಯ ಚರ್ಮವನ್ನು ಬಿಗಿದು ಅಂಟಿಸುತ್ತಾರೆ. ಅದರ ಮೇಲೆ ಅಡ್ಡಲಾಗಿ ಹಾದ ತೊಗಲಿನ ಪಟ್ಟಿಯು ಮೂಳೆಯ ಅಥವಾ ಕೊಂಬಿನ ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಆಸರೆಯ, ಭಾರವನ್ನು ಹೊರುತ್ತದೆ. ಹಳೆಯ ವಾದ್ಯಗಳಲ್ಲಿ ದಂತದ ಕುದುರೆಯೂ ಉಂಟು. ಆ ಕುದುರೆಯಲ್ಲಿ ಸಾಲಾಗಿ ಕೊರೆದ ಸಣ್ಣ ತೂತುಗಳನ್ನು ಹತ್ತಿರದಿಂದ ನೋಡಿ. ಮೂವತ್ತಕ್ಕೂ ಹೆಚ್ಚಿರುವ ಲೋಹದ ತರಫ್ ತಂತಿಗಳಲ್ಲಿ ಬಹುಪಾಲು ಅವುಗಳ ಮೂಲಕವೇ ಹಾಯುತ್ತವೆ. ಇವುಗಳ ಮೇಲೆ ಕಮಾನು ಆಡುವುದಿಲ್ಲ. ಮೇಲಿನ ಮೂರು ಕರುಳಿನ ತಂತಿಗಳು ನುಡಿದಾಗ ಇವು ತಾವಾಗಿಯೇ ಅನುರಣಿಸುತ್ತವೆ. ಸಾರಂಗಿಯ ಜೀವ ಇರುವುದೇ ಇಲ್ಲಿ ಎಂದು ನಾನು ನಂಬಿದ್ದೇನೆ.

ಕಮಾನಿಗೆ ಕುದುರೆಯ ಬಾಲದ ಕೂದಲು, ಅದಕ್ಕೆ ಉಜ್ಜಲು ರಾಳ.

ನಮ್ಮ ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಳ್ಳುತ್ತದೆ. ಹಾಗೆಂದು ಒಲೆಯ ಬಳಿಯೋ ಅಂಗಳದ ಬಿಸಿಲಿಗೋ ಇಟ್ಟರೆ ಅದು ಸೀಳಿಬಿಡಬಹುದು. ದಯವಿಟ್ಟು ತಂತಿಗಳನ್ನು ಸ್ವಲ್ಪ ಸಡಿಲಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಡಿ.