ಕೊಟ್ಟಿಗೆಗೆ ರೋಗ ಹೊಕ್ಕಾಗ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮೂರಿನ ನಾಲ್ಕು ಮನೆಯ ಹಸುಗಳಿಗೆ ಬಾಯಲ್ಲಿ ಜೊಲ್ಲು, ಕಾಲು ಕುಂಟು ಶುರುವಾಗಿದೆ. ಡಾಕ್ಟ್ರು ಬಂದು ನೋಡಿ ಹೋದರು. ಮಾರನೇ ದಿನ ಲಸಿಕೆ ತಂಡ ಹೋಗಿದ್ದು ಮಾತ್ರ ಸುತ್ತಲಿನ ಊರುಗಳಿಗೆ. ರೋಗ ನಮ್ಮಲ್ಲಿ, ಸೂಜಿ ಅವರಿಗೆ. ಇದ್ಯಾವ ನ್ಯಾಯ?
– ಹೈನುಗಾರರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ತಂಡ ಮಾಡಿದ್ದು ಸರಿ. ಕಾಲುಬಾಯಿ ಜ್ವರದ ವೈರಸ್ ಮೈ ಹೊಕ್ಕ ಮೇಲೆ ಲಕ್ಷಣ ಕಾಣಿಸಲು 2ರಿಂದ 14 ದಿನ ಬೇಕು. ನಿಮ್ಮೂರಲ್ಲಿ ಇವತ್ತು ಚೆನ್ನಾಗಿ ಮೇಯುತ್ತಿರುವ ಹಸುಗಳಲ್ಲೂ ಕೆಲವಕ್ಕೆ ಆಗಲೇ ಸೋಂಕು ತಗುಲಿರುತ್ತದೆ. ಲಸಿಕೆಯಿಂದ ನೆಚ್ಚಿಕೊಳ್ಳುವಷ್ಟು ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಸೋಂಕು ತಗುಲಿದ ಹಸುವಿಗೆ ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಸೂಜಿ, ಬೂಟು, ಹಗ್ಗ, ದನ ಹಿಡಿದ ಕೈ, ಇವೇ ವೈರಸ್ಸನ್ನು ಹೊತ್ತು ತಿರುಗುತ್ತವೆ. ಆದ್ದರಿಂದ ಹೊರಗಿನ ಊರುಗಳಿಂದ ಶುರು ಮಾಡಿ ರೋಗ ಇರುವ ಊರಿನ ಕಡೆಗೆ ಬರುವುದು ಕ್ರಮ. ರೋಗದ ದನ ಮುಟ್ಟಿದವರು ಅವತ್ತು ಲಸಿಕೆ ತಂಡದಲ್ಲಿ ಇರಬಾರದು.

ಈಗ ನೀವು ಮಾಡಬೇಕಾದ್ದು ಬೇಕಾದಷ್ಟಿದೆ. ಜೊಲ್ಲು ಸುರಿಸುವ ದನವನ್ನು ಬೇರೆ ಕಟ್ಟಿ, ಅದನ್ನು ನೋಡಿಕೊಳ್ಳಲು ಒಬ್ಬರೇ ಇರಲಿ. ಅವರು ಬೇರೆ ದನಗಳ ಹತ್ತಿರ ಹೋಗುವುದು ಬೇಡ. ಆಳು ಸಾಲದಿದ್ದರೆ ಮೊದಲು ಚೆನ್ನಾಗಿರುವ ದನಗಳ ಹಾಲು ಕರೆದು, ಮೇವು ಹಾಕಿ, ಕೊನೆಗೆ ರೋಗದ ದನದ ಹತ್ತಿರ ಹೋಗಿ. ಕೊಟ್ಟಿಗೆಯ ಸಗಣಿ ಗಂಜಲ ಪೂರಾ ಬಾಚಿ ತೊಳೆದ ಮೇಲೆ, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನೆಲಕ್ಕೆ ಹಾಕಿ. ಸಗಣಿಯ ಮೇಲೆ ಯಾವ ಔಷಧಿ ಸುರಿದರೂ ಅದು ವೈರಸ್ ತನಕ ತಲುಪುವುದಿಲ್ಲ; ಹೆಚ್ಚಿನವರು ಎಡವುವುದು ಇಲ್ಲೇ. ಬಾಗಿಲಲ್ಲಿ ಅದೇ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿ, ಒಣಗಲು ಬಿಡಬೇಡಿ. ಬಾಯಿ ಹುಣ್ಣನ್ನು ತಿಳಿ ಗುಲಾಬಿ ಬಣ್ಣದ ಪರ್ಮಾಂಗನೇಟ್ ನೀರಲ್ಲಿ ತೊಳೆದು ಬೋರೋಗ್ಲಿಸರಿನ್ ಸವರಿ. ಒಣಹುಲ್ಲು ಚುಚ್ಚುತ್ತದೆ, ಗಂಜಿ, ಎಳೆ ಹಸಿಹುಲ್ಲು ಕೊಡಿ. ಗೊರಸಿನ ಸಂದಿಗೆ ನೊಣ ಕೂತರೆ ಎರಡೇ ದಿನದಲ್ಲಿ ಹುಳ ಬೀಳುತ್ತದೆ, ದಿನಾ ನೋಡಿ.

ಕರುವಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ರೋಗದ ತಾಯಿಯ ಕೆಚ್ಚಲಿಗೆ ಬಿಟ್ಟ ಕರು, ಬಾಯಲ್ಲಿ ಒಂದು ಹುಣ್ಣೂ ಕಾಣದೆ, ನಿಂತಲ್ಲೇ ಬಿದ್ದು ಸಾಯಬಹುದು. ವೈರಸ್ ಎಳೆಗರುವಿನ ಹೃದಯದ ಸ್ನಾಯುವಿಗೇ ಹತ್ತುತ್ತದೆ. ಕರುವನ್ನು ದೂರ ಕಟ್ಟಿ, ಕುದಿಸಿ ಆರಿಸಿದ ಹಾಲು ಕುಡಿಸಿ. ಸಂತೆಗಾಗಲಿ, ಬೂಕನಬೆಟ್ಟದಂಥ ದನಗಳ ಜಾತ್ರೆಗಾಗಲಿ ನಿಮ್ಮೂರಿನ ಒಂದು ದನವೂ ಹೋಗುವುದು ಬೇಡ.

ಪ್ರಶ್ನೆ: ಮಲೆನಾಡಿನ ತಾಲ್ಲೂಕಿಗೆ ಹೊಸದಾಗಿ ಪಶುವೈದ್ಯಾಧಿಕಾರಿಯಾಗಿ ಬಂದಿದ್ದೇನೆ. ರೋಗೋದ್ರೇಕದ ಫೋನ್ ಬಂದ ಮೊದಲ ದಿನ ಯಾವುದು ಮೊದಲು, ಯಾವುದು ಆಮೇಲೆ?
– ಮೂಡಿಗೆರೆ

ಉತ್ತರ: ಗಾಡಿ ಹತ್ತುವ ಮುಂಚೆ ಫೋನಿನಲ್ಲೇ ಕೇಳಿಕೊಳ್ಳಿ: ಒಟ್ಟು ದನ ಎಷ್ಟು, ಕಾಯಿಲೆ ಎಷ್ಟಕ್ಕೆ, ಸತ್ತದ್ದೆಷ್ಟು, ಮೊದಲು ಯಾರ ಮನೆಯಲ್ಲಿ, ಕಳೆದ 14 ದಿನದಲ್ಲಿ ಹೊರಗಿಂದ ತಂದ ದನ ಇದೆಯೇ, ಲಸಿಕೆ ಯಾವಾಗ ಆಗಿತ್ತು. ಗಾಡಿಯನ್ನು ಊರಾಚೆಯೇ ನಿಲ್ಲಿಸಿ. ಪಶು ಇಲಾಖೆಯ ಸಹಾಯಕ ನಿರ್ದೇಶಕರಿಗೆ ವಿಷಯ ಮುಟ್ಟಿಸಿ, ಊರಿನಿಂದ ದನ ಹೊರಹೋಗುವುದನ್ನು ತಡೆಯಲು ಪಂಚಾಯಿತಿಯವರನ್ನು ಕೂಡಿಸಿಕೊಳ್ಳಿ. ಇದು ಚಿಕಿತ್ಸೆಗಿಂತ ಮೊದಲು ಆಗಬೇಕು. ಸಾಂಕ್ರಾಮಿಕ ರೋಗ ನಿಯಂತ್ರಣದ 2009ರ ಕೇಂದ್ರ ಕಾಯ್ದೆ ರೋಗ ವರದಿ ಮಾಡುವುದನ್ನು ಕಡ್ಡಾಯ ಮಾಡಿದೆ. ಅದನ್ನು ಊರವರಿಗೆ ತಿಳಿಹೇಳಿ, ಬೆದರಿಸಬೇಡಿ. ಹೆದರಿದವರು ದನವನ್ನು ರಾತ್ರೋರಾತ್ರಿ ಸಾಗಿಸುತ್ತಾರೆ.

ಕಾಲುಬಾಯಿ ಎಂದು ಅನುಮಾನವಿದ್ದರೆ ಹೊಸದಾಗಿ ಒಡೆದ ಗುಳ್ಳೆಯ ಸಿಪ್ಪೆ ಸುಮಾರು 1 ಗ್ರಾಂ ತೆಗೆದು, ಪಿಎಚ್ 7.2ರಿಂದ 7.6 ಇರುವ ಶೇ 50ರ ಗ್ಲಿಸರಾಲ್ ಬಫರಿನಲ್ಲಿ ಹಾಕಿ ಐಸಿನಲ್ಲಿ ಕಳಿಸಿ. ಫಾರ್ಮಲಿನ್ನಿಗೆ ಹಾಕಿದರೆ ವೈರಸ್ ಸತ್ತು ಒ, ಎ, ಏಷ್ಯಾ-1 ಇವುಗಳಲ್ಲಿ ಯಾವ ಬಗೆ ಎಂದು ಪತ್ತೆ ಮಾಡುವುದು ಕಷ್ಟವಾಗುತ್ತದೆ. ಚರ್ಮಗಂಟು ರೋಗವಾದರೆ ಗಂಟಿನ ಹಕ್ಕಳೆ, ಹೆಪ್ಪುಗಟ್ಟದಂತೆ ಇಡಿಟಿಎ ಸೇರಿಸಿದ ರಕ್ತ ಎರಡೂ ಬೇಕು.

ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಲಿಗೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿ ಕೆಡುವುದನ್ನು ಮರೆಯುತ್ತಾರೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಬಾಟಲಿಗೆ ತಾಗಿಸಿಟ್ಟರೆ ಎಣ್ಣೆ ಲಸಿಕೆ ಒಡೆಯುತ್ತದೆ. ಪ್ಯಾಕ್ ಬೆವರುವ ತನಕ ಹೊರಗಿಟ್ಟು, ಪೇಪರ್ ಸುತ್ತಿ ಇಡಿ. ಒಂದು ದನಕ್ಕೆ ಒಂದು ಸೂಜಿ. ಇದರಲ್ಲಿ ಉಳಿತಾಯ ಬೇಡ.

ಲಸಿಕೆ ಹಾಕಬೇಕಾದ ದನಗಳ ಪಟ್ಟಿಗೆ ಹಾಲಿನ ಡೈರಿಯ ಪುಸ್ತಕ ಒಂದನ್ನೇ ನಂಬಬೇಡಿ. ಅದರಲ್ಲಿ ಹಾಲು ಹಾಕುವವರಷ್ಟೇ ಇರುತ್ತಾರೆ. ಬತ್ತಿದ ಹಸು, ಎತ್ತು, ಕುರಿ, ಮೇಕೆ, ಹಂದಿ ಬಿಟ್ಟುಹೋಗುತ್ತವೆ. ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಸಾಕಿರುವವಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸತ್ತ ದನ ಹೂಳಲು ಬಯಲುಸೀಮೆಯಲ್ಲಿ ಜೆಸಿಬಿಯಿಂದ 6 ಅಡಿ ತೋಡಿಸಿದರೆ ಮುಗಿಯಿತು. ನಿಮ್ಮಲ್ಲಿ ಮಳೆಗಾಲದಲ್ಲಿ ಅರ್ಧಕ್ಕೇ ಒರತೆ ಬರುತ್ತದೆ. ಜಾಗ ಗೊತ್ತು ಮಾಡುವ ಮುಂಚೆ ಚಿಕ್ಕ ಗುಂಡಿ ತೋಡಿ ಒಂದು ಗಂಟೆ ನೋಡಿ. ನೀರು ಜಿನುಗಿದರೆ ಎತ್ತರದ ಜಾಗಕ್ಕೆ ಹೋಗಿ, ಆದರೆ ಆ ಇಳಿಜಾರಿನ ಕೆಳಗೆ ಕುಡಿಯುವ ನೀರಿನ ಬಾವಿಯೋ ತೊರೆಯೋ ಇರಬಾರದು. ಹೂಳುವ ಮುಂಚೆ ಹೊಟ್ಟೆಗೆ ರಂಧ್ರ ಮಾಡದಿದ್ದರೆ ಗಾಳಿ ತುಂಬಿ ಮಣ್ಣು ಮೇಲೇಳುತ್ತದೆ, ನಾಯಿ ಬಗೆಯುತ್ತವೆ. ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನವಿದ್ದರೆ ಮಾತ್ರ ರಂಧ್ರ ಮಾಡಲೇಬೇಡಿ.

ಪ್ರಶ್ನೆ: ರಾತ್ರಿ ಚೆನ್ನಾಗಿದ್ದ ಎತ್ತು ಬೆಳಿಗ್ಗೆ ಸತ್ತಿತ್ತು, ಮೂಗಲ್ಲಿ ಕಪ್ಪು ರಕ್ತ. ಡಾಕ್ಟ್ರು ಪೋಸ್ಟ್‌ಮಾರ್ಟಂ ಮಾಡಲ್ಲ ಅಂದರು. ವಿಮೆಯ ಗತಿ?
– ಕಡೂರು

ಉತ್ತರ: ಅವರು ನಿಮ್ಮೂರಿಗೆ ಉಪಕಾರವನ್ನೇ ಮಾಡಿದ್ದಾರೆ. ದಿಢೀರ್ ಸಾವು, ಹೆಪ್ಪುಗಟ್ಟದ ಕಪ್ಪು ರಕ್ತ, ಬೇಗ ಉಬ್ಬುವ ಹೊಟ್ಟೆ, ಸೆಟೆಯದ ಕಾಲು ನೆರಡಿ ರೋಗದ ಗುರುತು. ಕೊಯ್ಯದೆ ಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾ ಕೊಳೆಯುವಾಗಲೇ ಸಾಯುತ್ತವೆ. ಕೊಯ್ದರೆ ಗಾಳಿ ತಾಗಿ ಬೀಜಾಣುಗಳಾಗಿ ಮಣ್ಣಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಕಿವಿಯ ನರಕ್ಕೆ ಚುಚ್ಚಿ ತೆಗೆದ ಒಂದು ಹನಿ ರಕ್ತದ ಸ್ಲೈಡಿನಲ್ಲೇ ರೋಗ ಗೊತ್ತಾಗುತ್ತದೆ. ಆ ಸ್ಲೈಡಿನ ವರದಿ, ಪೋಸ್ಟ್‌ಮಾರ್ಟಂ ಏಕೆ ಮಾಡಲಿಲ್ಲ ಎಂಬ ವೈದ್ಯಾಧಿಕಾರಿಯ ಪ್ರಮಾಣಪತ್ರ, ಕಿವಿಯೋಲೆ ನಂಬರ್ ಕಾಣುವ ಫೋಟೊ ಇಟ್ಟುಕೊಂಡು ಅಂದೇ ವಿಮೆಯವರಿಗೆ ತಿಳಿಸಿ. ಚರ್ಮ ಸುಲಿಯುವುದು, ಮಾಂಸ ಹಂಚುವುದು ಪ್ರಾಣಕ್ಕೇ ಕುತ್ತು. ಮುಟ್ಟಿದವರು ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೈಯಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಏಳುವ ತನಕ ಕಾಯಬೇಡಿ. ಉಳಿದ ದನಗಳಿಗೆ ಪೆನಿಸಿಲಿನ್ ಕೊಟ್ಟಿದ್ದರೆ ಲಸಿಕೆಯನ್ನು ಅದೇ ದಿನ ಹಾಕಿಸಬಾರದು. ಅದು ಜೀವಂತ ಲಸಿಕೆ, ಪೆನಿಸಿಲಿನ್ ಅದನ್ನೇ ಕೊಂದುಬಿಡುತ್ತದೆ.

ಪ್ರಶ್ನೆ: ತೋಟದಲ್ಲಿ ಮಂಗ ಸತ್ತು ಬಿದ್ದಿದೆ. ಹೂತುಬಿಡಬಹುದೇ?
– ನರಸಿಂಹರಾಜಪುರ

ಉತ್ತರ: ಮುಟ್ಟಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಿಮ್ಮ ಭಾಗದಲ್ಲೂ ಇದೆ. ಮಂಗದ ಮೈ ತಣ್ಣಗಾಗುತ್ತಿದ್ದಂತೆ ಈ ಕಾಯಿಲೆ ಹರಡುವ ಉಣುಗುಗಳು (ಉಣ್ಣೆಗಳು) ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಅರಣ್ಯ, ಆರೋಗ್ಯ, ಪಶು ಇಲಾಖೆ ಮೂವರಲ್ಲಿ ಯಾರಿಗಾದರೂ ಕೂಡಲೇ ಹೇಳಿ, ಜಾಗಕ್ಕೆ ಗುರುತು ಹಾಕಿ. ಅಲ್ಲಿ ದರಗು ಗುಡಿಸುವುದು, ಸೌದೆ ಆರಿಸುವುದು, ದನ ಮೇಯಿಸುವುದು ನಿಲ್ಲಿಸಿ. ದನಕ್ಕೆ ಆ ಕಾಯಿಲೆ ಕಾಣಿಸದಿದ್ದರೂ ಮೈಗೆ ಹತ್ತಿದ ಉಣುಗು ಸಂಜೆ ಕೊಟ್ಟಿಗೆಗೇ ಬರುತ್ತದೆ.