ಬ್ಯಾಲೆ ಡಿಸ್ಕ್ ಸಂಗ್ರಹ ಶುರು ಮಾಡುವವರಿಗೆ: ಮೊದಲು ಒಂದೇ ಕಥೆಯ ಎರಡು ಡಿಸ್ಕ್ ತಗೊಳ್ಳಿ

ಅಕ್ಕಾ, ನಮಸ್ಕಾರ. ಮಗಳು ಎಂಟು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಎಲ್ಲೋ ‘ಸ್ವಾನ್ ಲೇಕ್’ನ ತುಣುಕು ನೋಡಿದಾಗಿನಿಂದ ಬ್ಯಾಲೆಯದೇ ಧ್ಯಾನ, ಮನೆಯಲ್ಲಿ ಐದಾರು ಒಳ್ಳೆಯ ಡಿಸ್ಕ್ ಇಟ್ಟುಕೊಳ್ಳೋಣ ಅಂತಿದ್ದೇವೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದಿರಿ. ಈಗಾಗಲೇ ಹಲವರು ಪ್ರಸಿದ್ಧ ಬ್ಯಾಲೆಗಳ ಹೆಸರು ಕೊಟ್ಟಿದ್ದಾರೆ. ಹೆಸರುಗಳೆಲ್ಲ ಸರಿಯೇ. ಆದರೆ ಬರೀ ಹೆಸರು ನೋಡಿ ಡಿಸ್ಕ್ ಕೊಳ್ಳಬೇಡಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ನಮ್ಮಲ್ಲಿ ಪ್ರಸಂಗದ ಹೆಸರೊಂದನ್ನೇ ಕೇಳಿ ಯಾರೂ ಆಟಕ್ಕೆ ಹೊರಡುವುದಿಲ್ಲ. ಯಾವ ಮೇಳ, ಭಾಗವತರು ಯಾರು, ಮುಖ್ಯ ವೇಷ ಯಾರದು ಅಂತ ವಿಚಾರಿಸಿಯೇ ಹೊರಡುವುದು. ಬ್ಯಾಲೆಯೂ ಹಾಗೇ. ‘ಸ್ವಾನ್ ಲೇಕ್’ ಅಂತ ಹುಡುಕಿದರೆ ಹತ್ತಾರು ಡಿಸ್ಕ್ ಸಿಗುತ್ತವೆ. ಒಂದರಲ್ಲಿ ಪ್ರೇಮಿಗಳು ಸಾಯುತ್ತಾರೆ, ಇನ್ನೊಂದರಲ್ಲಿ ಗೆದ್ದು ಬದುಕುತ್ತಾರೆ. ಆದ್ದರಿಂದ ಡಿಸ್ಕಿನ ಹಿಂಬದಿ ನೋಡಿ. ತಂಡ ಯಾವುದು, ಯಾರ ರಂಗರೂಪ, ಮುಖ್ಯ ಪಾತ್ರ ಯಾರದು, ರೆಕಾರ್ಡ್ ಆದ ವರ್ಷ ಯಾವುದು, ಈ ನಾಲ್ಕೂ ಗೊತ್ತಾಗದೆ ದುಡ್ಡು ಕೊಡಬೇಡಿ.

ನನ್ನ ಸಲಹೆ ಕೇಳಿದರೆ ಮೊದಲ ಎರಡು ಡಿಸ್ಕೂ ‘ಜಿಸೆಲ್’ ಆಗಿರಲಿ. ಒಂದೇ ಕಥೆಗೆ ಎರಡು ಸಲ ದುಡ್ಡು ಯಾಕೆ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಕಣ್ಣು ಪಳಗುವುದು ಹೋಲಿಸಿ ನೋಡಿದಾಗಲೇ, ಅದಕ್ಕೇ. ಲಂಡನ್ನಿನ ರಾಯಲ್ ಬ್ಯಾಲೆಯವರ ಎರಡು ರೆಕಾರ್ಡಿಂಗ್ ಇವೆ. 2006ರದರಲ್ಲಿ ಅಲಿನಾ ಕೊಜೊಕಾರು ಮತ್ತು ಯೋಹಾನ್ ಕೊಬ್ಬೋರ್ಗ್, 2014ರದರಲ್ಲಿ ನತಾಲಿಯಾ ಒಸಿಪೋವಾ ಮತ್ತು ಕಾರ್ಲೋಸ್ ಅಕೋಸ್ಟಾ. ಎರಡೂ ಪೀಟರ್ ರೈಟ್ ಕಟ್ಟಿದ ಅದೇ ರಂಗರೂಪ, ಅದೇ ರಂಗಮಂದಿರ, ಅದೇ ಸಂಗೀತ. ಬದಲಾಗಿರುವುದು ಕುಣಿಯುವವರು ಮಾತ್ರ. ನರ್ತಕಿ ಒಂದು ಪಾತ್ರಕ್ಕೆ ತನ್ನಿಂದ ಏನು ಕೊಡುತ್ತಾಳೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಜೋಡಿ ನನಗೆ ಬೇರೆ ಸಿಕ್ಕಿಲ್ಲ.

ಕಥೆ ಸುಲಭ. ಹೃದಯ ದುರ್ಬಲವಾದ, ಕುಣಿಯುವ ಹುಚ್ಚಿರುವ ಹಳ್ಳಿ ಹುಡುಗಿ ಜಿಸೆಲ್. ಹಳ್ಳಿಗನ ವೇಷದಲ್ಲಿ ಬಂದ ದೊಡ್ಡ ಮನೆತನದ ಆಲ್‌ಬ್ರೆಕ್ಟ್ ಅವಳ ಮನಸ್ಸು ಗೆಲ್ಲುತ್ತಾನೆ, ಅವನಿಗೆ ಬೇರೆ ಕಡೆ ನಿಶ್ಚಯವಾಗಿರುತ್ತದೆ. ಗುಟ್ಟು ರಟ್ಟಾದಾಗ ಇವಳಿಗೆ ಬುದ್ಧಿ ಕದಡಿ ಸಾಯುತ್ತಾಳೆ. ಎರಡನೆಯ ಅಂಕ ರಾತ್ರಿಯ ಕಾಡಿನಲ್ಲಿ. ಮದುವೆಗೆ ಮುಂಚೆ ಮೋಸಹೋಗಿ ಸತ್ತ ಹುಡುಗಿಯರ ಆತ್ಮಗಳು, ಹೆಸರು ‘ವಿಲಿ’, ಕೈಗೆ ಸಿಕ್ಕ ಗಂಡಸನ್ನು ಸಾಯುವವರೆಗೆ ಕುಣಿಸುತ್ತವೆ. ಜಿಸೆಲ್ ಮಾತ್ರ ತನಗೆ ಮೋಸ ಮಾಡಿದವನನ್ನು ಬೆಳಗಾಗುವವರೆಗೂ ಕಾಪಾಡುತ್ತಾಳೆ.

ಎರಡು ಡಿಸ್ಕಲ್ಲೂ ಒಂದು ಸಣ್ಣ ಸಂಗತಿ ಗಮನಿಸಿ. ಮೊದಲ ಅಂಕದಲ್ಲಿ ಜಿಸೆಲ್ ಡೈಸಿ ಹೂವಿನ ಎಸಳು ಕೀಳುತ್ತಾ ‘ಪ್ರೀತಿಸುತ್ತಾನೆ, ಇಲ್ಲ’ ಅಂತ ಎಣಿಸುತ್ತಾಳೆ. ಲೆಕ್ಕ ‘ಇಲ್ಲ’ಕ್ಕೆ ಬರುತ್ತದೆ ಅಂತ ತಿಳಿದು ಮುಖ ಬಾಡುತ್ತದೆ. ಆಲ್‌ಬ್ರೆಕ್ಟ್ ಗುಟ್ಟಾಗಿ ಒಂದು ಎಸಳು ಕಿತ್ತು ‘ನೋಡು, ಸರಿಯಾಗಿದೆ’ ಅಂತ ತೋರಿಸುತ್ತಾನೆ. ಅಂಕದ ಕೊನೆಗೆ ಹುಚ್ಚು ಹಿಡಿದಾಗ ಕೈಯಲ್ಲಿ ಹೂವೇ ಇಲ್ಲ, ಆದರೂ ಬೆರಳುಗಳು ಅದೇ ಎಸಳು ಕೀಳುತ್ತವೆ. ಆ ಬೆರಳುಗಳನ್ನು ಕೊಜೊಕಾರುವಿನಲ್ಲಿ ನೋಡಿ, ಮರುದಿನ ಒಸಿಪೋವಾಳಲ್ಲಿ ನೋಡಿ. ಆಮೇಲೆ ಎರಡನೆಯ ಅಂಕದಲ್ಲಿ ಸಮಾಧಿಯಿಂದ ಎದ್ದವಳು ವಿಲಿಗಳ ರಾಣಿಯ ಅಪ್ಪಣೆಯಂತೆ ಒಂಟಿ ಕಾಲಿನ ಮೇಲೆ ಗಿರಗಿರ ತಿರುಗುವ ಜಾಗ. ಕೊಜೊಕಾರುವನ್ನು ಗಾಳಿ ಎತ್ತಿಕೊಂಡು ಹೋದಂತಿರುತ್ತದೆ, ಒಸಿಪೋವಾಳೇ ಸುಂಟರಗಾಳಿಯಂತಿರುತ್ತಾಳೆ. ನಿಮ್ಮ ಮಗಳಿಗೆ ಯಾವುದು ಹಿಡಿಸುತ್ತದೆ ಅನ್ನುವುದರ ಮೇಲೆ ಮುಂದಿನ ಡಿಸ್ಕ್‌ಗಳನ್ನು ಆರಿಸಬಹುದು.

ಅಭಿನಯ ಕಲಿತ ಮಗುವಿಗೆ ಇನ್ನೊಂದು ದೊಡ್ಡ ಆಕರ್ಷಣೆ ಇದೆ. ಹಳೆಯ ಬ್ಯಾಲೆಗಳಲ್ಲೂ ಕೈಮಾತು ಇದೆ, ಅದನ್ನು ‘ಮೈಮ್’ ಅನ್ನುತ್ತಾರೆ. ತಲೆಯ ಮೇಲೆ ಎರಡೂ ಕೈ ಒಂದರ ಸುತ್ತ ಒಂದು ತಿರುಗಿಸಿದರೆ ‘ಕುಣಿ’. ಎದೆಯ ಮೇಲೆ ಕೈ ಇಟ್ಟರೆ ಪ್ರೀತಿ. ಉಂಗುರದ ಬೆರಳು ತೋರಿಸಿದರೆ ಮದುವೆ. ಎರಡು ಬೆರಳು ಮೇಲೆತ್ತಿದರೆ ಆಣೆ. ಮುಷ್ಟಿ ಕಟ್ಟಿ ಮಣಿಕಟ್ಟುಗಳನ್ನು ಅಡ್ಡಹಾಕಿ ಕೆಳಗೆ ಚಾಚಿದರೆ ಸಾವು. ಪೀಟರ್ ರೈಟ್ ಅವರ ‘ಜಿಸೆಲ್’ನಲ್ಲಿ ತಾಯಿ ಮಗಳಿಗೆ ವಿಲಿಗಳ ಕಥೆಯನ್ನೆಲ್ಲ ಈ ಕೈಮಾತಿನಲ್ಲೇ ಹೇಳಿ ಹೆದರಿಸುವ ಭಾಗ ಉಳಿದಿದೆ. ಮಗಳಿಗೆ ಅರ್ಥ ಹೇಳದೆ ಒಮ್ಮೆ ತೋರಿಸಿ. ಹಸ್ತಮುದ್ರೆ ಕಲಿತವಳು ಬಹುಪಾಲು ತಾನೇ ಬಿಡಿಸಿಕೊಳ್ಳುತ್ತಾಳೆ.

ಮೂರನೆಯದಾಗಿ ‘ಸ್ವಾನ್ ಲೇಕ್’, ಅವಳು ಆಸೆಪಟ್ಟದ್ದು. 1877ರಲ್ಲಿ ಮಾಸ್ಕೋದಲ್ಲಿ ಮೊದಲು ರಂಗಕ್ಕೆ ಬಂದರೂ ಇವತ್ತಿನ ಹೆಚ್ಚಿನ ರಂಗರೂಪಗಳ ಬುಡ ಇರುವುದು ನೃತ್ಯ ಸಂಯೋಜಕರಾದ ಪೆಟಿಪಾ ಮತ್ತು ಇವಾನೊವ್ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಟ್ಟಿದ್ದರಲ್ಲಿ. ಇಲ್ಲಿ ಎರಡು ದಾರಿ ಇವೆ. ರಾಯಲ್ ಬ್ಯಾಲೆಯ 2009ರ ರೆಕಾರ್ಡಿಂಗ್, ಮರಿಯನೆಲಾ ನೂನ್ಯೆಸ್ ಮತ್ತು ಥಿಯಾಗೊ ಸೊವಾರೆಸ್, ಆಂಟನಿ ಡೋವೆಲ್ ಅವರ ರಂಗರೂಪ. ಇದರಲ್ಲಿ ಹಂಸರಾಣಿ ಒಡೆಟ್ ‘ಈ ಕೆರೆ ನನ್ನ ತಾಯಿಯ ಕಣ್ಣೀರಿನಿಂದ ತುಂಬಿದ್ದು’ ಅಂತ ರಾಜಕುಮಾರನಿಗೆ ಕೈಮಾತಿನಲ್ಲಿ ಹೇಳುವುದು ಇದೆ, ಮುಕ್ತಾಯ ದುರಂತ. ಇನ್ನೊಂದು ರಷ್ಯಾದ ಮಾರಿನ್ಸ್ಕಿ ತಂಡದ 2006ರದು, ಉಲಿಯಾನಾ ಲೊಪಾಟ್ಕಿನಾ ಒಡೆಟ್. ಸೋವಿಯತ್ ಕಾಲದಲ್ಲಿ ತಿದ್ದಿದ ಆ ರೂಪದಲ್ಲಿ ಕೈಮಾತು ತೆಗೆದುಹಾಕಿ ಬರೀ ನೃತ್ಯವಾಗಿಸಿದ್ದಾರೆ, ಕೊನೆಗೆ ರಾಜಕುಮಾರ, ಒಡೆಟ್‌ಳನ್ನು ಹಂಸವಾಗಿಸಿದ ಮಾಂತ್ರಿಕನ ರೆಕ್ಕೆ ಕಿತ್ತು ಗೆಲ್ಲುತ್ತಾನೆ. ಲೊಪಾಟ್ಕಿನಾಳ ಉದ್ದನೆಯ ತೋಳುಗಳು, ಹಿಂಬದಿಯ ಹಂಸಗಳ ಸಾಲಿನ ಶಿಸ್ತು, ಇವೆರಡಕ್ಕೆ ನಾನು ಮಾರಿನ್ಸ್ಕಿಯನ್ನೇ ಮತ್ತೆ ಮತ್ತೆ ಹಾಕುತ್ತೇನೆ. ಆದರೆ ಲಂಡನ್ನಿನ ಡಿಸ್ಕಿನಲ್ಲಿ ಹಂಸಗಳಿಗೆ ಬಿಗಿಯಾದ ಚಪ್ಪಟೆ ಟುಟು (ಅಡ್ಡಕ್ಕೆ ಚಾಚಿದ ಗಿಡ್ಡ ಲಂಗ) ಬದಲು ಇಳಿಬಿದ್ದ ಲಂಗ ಇರುವುದರಿಂದ ಕಾಲಿನ ಕೆಲಸ ಸ್ವಲ್ಪ ಮುಚ್ಚಿಹೋಗುತ್ತದೆ, ಅದು ಗೊತ್ತಿರಲಿ. ಅಭಿನಯ ಇಷ್ಟಪಡುವ ನಿಮ್ಮ ಮಗಳಿಗೆ ಮೊದಲು ಲಂಡನ್ನಿನದು ಕೊಡಿಸಿ.

ನಾಲ್ಕನೆಯದಕ್ಕೆ ಒಂದು ನಗುವ ಬ್ಯಾಲೆ ಇರಲಿ. ‘ಲಾ ಫಿಯ್ ಮಾಲ್ ಗಾರ್ದೆ’, ಫ್ರೆಡರಿಕ್ ಆಷ್ಟನ್ 1960ರಲ್ಲಿ ಕಟ್ಟಿದ್ದು. ರಾಯಲ್ ಬ್ಯಾಲೆಯ 2005ರ ಡಿಸ್ಕಿನಲ್ಲಿ ನೂನ್ಯೆಸ್ ಮತ್ತು ಅಕೋಸ್ಟಾ ಇದ್ದಾರೆ. ಹೊಲಮನೆ, ಬೆಣ್ಣೆ ಕಡೆಯುವುದು, ಸುಗ್ಗಿ, ಕುಣಿಯುವ ಕೋಳಿಗಳು, ಮಗಳನ್ನು ದುಡ್ಡಿರುವವರ ಪೆದ್ದು ಮಗನಿಗೆ ಕಟ್ಟಲು ಹೊರಟ ವಿಧವೆ ತಾಯಿ. ಆ ತಾಯಿಯ ಪಾತ್ರ ಗಂಡಸೇ ಮಾಡುವುದು, ನಮ್ಮ ಆಟ ನೋಡಿದವರಿಗೆ ವಿಚಿತ್ರ ಅನಿಸುವುದಿಲ್ಲ. ಅಮ್ಮ ಬೀಗ ಹಾಕಿ ಹೋದ ಮೇಲೆ ಮಗಳು ಲೀಸ್ ಒಬ್ಬಳೇ ಕೂತು ತನ್ನ ಮದುವೆಯ ಕನಸು ಕಾಣುತ್ತಾಳೆ. ಬಟ್ಟೆ ಹೀಗೆ, ಹೊಟ್ಟೆ ಇಷ್ಟು, ಮಕ್ಕಳು ಒಂದು, ಎರಡು, ಮೂರು ಅಂತ ಕೈಯಲ್ಲೇ ತೋರಿಸಿ, ಒಬ್ಬನಿಗೆ ಗದರಿ, ಇನ್ನೊಂದನ್ನು ತೊಟ್ಟಿಲಲ್ಲಿ ತೂಗುತ್ತಾಳೆ. ಅಷ್ಟರಲ್ಲಿ ಪೈರಿನ ಸಿವುಡುಗಳ ನಡುವಿನಿಂದ ಪ್ರಿಯಕರನೇ ಎದ್ದು ಬರುತ್ತಾನೆ, ಅಷ್ಟನ್ನೂ ನೋಡಿರುತ್ತಾನೆ. ನಾಚಿಕೆಯಿಂದ ಅವಳು ಮುಖ ಮುಚ್ಚಿಕೊಳ್ಳುವ ಆ ಗಳಿಗೆಗಾಗಿ ನನ್ನ ಅಮ್ಮ, ಬ್ಯಾಲೆ ಅಂದರೇನು ಅಂತ ಗೊತ್ತಿಲ್ಲದವರು, ಮೂರು ಸಲ ಹಿಂದೆ ಹಾಕಿಸಿ ನೋಡಿದರು.

‘ಲಾ ಬಯದೇರ್’ ಬಗ್ಗೆ ಒಬ್ಬರು ‘ಭಾರತದ ಕಥೆ, ಅದನ್ನೇ ಮೊದಲು ತಗೊಳ್ಳಿ’ ಅಂದಿದ್ದಾರೆ. ನಾನು ಒಪ್ಪುವುದಿಲ್ಲ, ಮೊದಲಿಗೆ ಬೇಡ. ಪೆಟಿಪಾ 1877ರಲ್ಲಿ ರಷ್ಯಾದಲ್ಲಿ ಕಟ್ಟಿದ, ನಿಕಿಯಾ ಎಂಬ ದೇವದಾಸಿಯ ಕಥೆ ಅದು. ಸಂಗೀತ ಮಿಂಕುಸ್ ಅವರದು, ದೇವಸ್ಥಾನದ ಎದುರೂ ಯುರೋಪಿನ ವಾಲ್ಟ್ಸ್ ಲಯವೇ. ಅದರಲ್ಲಿರುವ ಭಾರತ ಕಲ್ಪಿಸಿಕೊಂಡ ಭಾರತ. ಎಂಟು ವರ್ಷ ಗೆಜ್ಜೆ ಕಟ್ಟಿದ ಮಗುವಿಗೆ ಅದು ಇರಿಸುಮುರಿಸಾದರೆ ಆಶ್ಚರ್ಯವಿಲ್ಲ, ಆ ಮಾತನ್ನು ಅವಳ ಜೊತೆ ಕೂತು ಆಡಿಯೇ ತೋರಿಸಿ. ಅವಳಿಗೆ ಇನ್ನೊಂದು ಸಂಗತಿಯೂ ಹೇಳಿ: 1838ರಲ್ಲಿ ಪುದುಚೇರಿ ಕಡೆಯ ನಿಜವಾದ ದೇವದಾಸಿಯರು ಪ್ಯಾರಿಸ್‌ಗೆ ಹೋಗಿ ಕುಣಿದಿದ್ದರು. ಅವರಲ್ಲಿ ಅಮಾನಿ ಎಂಬಾಕೆಯ ನೃತ್ಯಕ್ಕೆ ಮಾರುಹೋಗಿ ಬರೆದ ಕವಿ ಥಿಯೋಫಿಲ್ ಗೊತಿಯೆ, ಮೂರು ವರ್ಷದ ಮೇಲೆ, 1841ರಲ್ಲಿ, ‘ಜಿಸೆಲ್’ ಕಥೆ ಹೆಣೆದವರಲ್ಲಿ ಒಬ್ಬ.

ಆದರೂ ‘ಬಯದೇರ್’ನ ‘ನೆರಳುಗಳ ಲೋಕ’ ನೋಡದೆ ಬಿಡಬಾರದು. ಬಿಳಿ ಉಡುಪಿನ ನರ್ತಕಿಯರು ಒಬ್ಬೊಬ್ಬರಾಗಿ ಇಳಿಜಾರಿನಿಂದ ಇಳಿದು ಬರುತ್ತಾರೆ. ಒಂದು ಕಾಲು ಹಿಂದಕ್ಕೆ ಎತ್ತಿ ಮುಂದೆ ಬಾಗುವುದು, ಹಿಂದೆ ವಾಲುವುದು, ಎರಡು ಹೆಜ್ಜೆ, ಮತ್ತೆ ಅದೇ. ಎಲ್ಲರಿಗಿಂತ ಮುಂದಿರುವವಳು ಅದನ್ನು ಮೂವತ್ತಕ್ಕೂ ಹೆಚ್ಚು ಸಲ ಮಾಡಬೇಕು, ಕಾಲು ಒಮ್ಮೆಯೂ ನಡುಗಬಾರದು. ಪ್ಯಾರಿಸ್ ಒಪೆರಾ ಬ್ಯಾಲೆ ತಂಡದ ರೆಕಾರ್ಡಿಂಗ್‌ನಲ್ಲಿ 32 ಜನ, ರಾಯಲ್ ಬ್ಯಾಲೆಯ 2009ರದರಲ್ಲಿ 24. ಪ್ಯಾರಿಸ್‌ನದು ಪ್ರಸಿದ್ಧ ನರ್ತಕ ನುರೆಯೆವ್ ಸಾಯುವುದಕ್ಕೆ ಮೂರು ತಿಂಗಳು ಮುಂಚೆ, 1992ರ ಅಕ್ಟೋಬರ್‌ನಲ್ಲಿ ರಂಗಕ್ಕೆ ತಂದ ರೂಪ. ಇಸಬೆಲ್ ಗೆರಾಂ ಮತ್ತು ಲೊರಾಂ ಇಲೇರ್ ಇದ್ದಾರೆ. ಐದನೆಯ ಡಿಸ್ಕ್ ಇದಾಗಲಿ.

ಈ ದೃಶ್ಯವೇ ಚಿತ್ರೀಕರಣ ಹೇಗಿದೆ ಅಂತ ಪರೀಕ್ಷಿಸುವುದಕ್ಕೂ ಒಳ್ಳೆಯದು. ಯಾವ ಡಿಸ್ಕ್ ಕೊಳ್ಳುವ ಮುಂಚೆಯೂ ಅದರ ಎರಡು ನಿಮಿಷದ ತುಣುಕನ್ನು ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಜಿಗಿಯುವಾಗ ಪಾದ ಕಾಣಿಸುತ್ತದೆಯೇ? ಗುಂಪು ಸಾಲು ಬದಲಿಸುವಾಗ ಇಡೀ ರಂಗ ಚೌಕಟ್ಟಿನೊಳಗೆ ಇದೆಯೇ? ಅರೆಮಂಡಿ ಕೂತ ಮಗಳ ಫೋಟೋವನ್ನು ಸೊಂಟದ ಮೇಲೆ ಮಾತ್ರ ತೆಗೆದರೆ ಹೇಗಿರುತ್ತದೆ ಹೇಳಿ. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ನರ್ತಕಿ ಗಾಳಿಯಲ್ಲಿರುವಾಗ ಮುಖಕ್ಕೆ ಕ್ಯಾಮೆರಾ ಹಾರುತ್ತದೆ, ನೆಲಕ್ಕೆ ಹೇಗೆ ಇಳಿದಳು ಅನ್ನುವುದು ತಪ್ಪಿಯೇ ಹೋಗುತ್ತದೆ. ಪ್ರಸಿದ್ಧ ನರ್ತಕಿಯ ಕೆಟ್ಟ ಚಿತ್ರೀಕರಣಕ್ಕಿಂತ ಸಾಧಾರಣ ಹೆಸರಿನವರ ಒಳ್ಳೆಯ ಚಿತ್ರೀಕರಣ ಮೇಲು, ಮೊದಲ ವರ್ಷದಲ್ಲಂತೂ.

ಹಳೆಯ ಕಾಲದ ಡಿಸ್ಕ್‌ಗಳನ್ನು, ಅಂದರೆ ಮಾರ್ಗೊ ಫಾಂಟೇನ್ ಮತ್ತು ನುರೆಯೆವ್ ಅವರ 1966ರ ‘ರೋಮಿಯೊ ಅಂಡ್ ಜೂಲಿಯೆಟ್’ನಂಥವನ್ನು, ಸ್ವಲ್ಪ ತಡೆದು ತಗೊಳ್ಳಿ. ನಲವತ್ತೈದು ದಾಟಿದ ಫಾಂಟೇನ್ ಹದಿಹರೆಯದ ಜೂಲಿಯೆಟ್ ಆಗುವುದು ಏನು ಪವಾಡ ಅಂತ ತಿಳಿಯಲು ಹತ್ತಾರು ಜೂಲಿಯೆಟ್‌ಗಳಲ್ಲದಿದ್ದರೂ ಇನ್ನೊಬ್ಬಳನ್ನಾದರೂ ನೋಡಿರಬೇಕು. ‘ನಟ್‌ಕ್ರ್ಯಾಕರ್’ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಗೊಳ್ಳಿ. ಆರನೆಯ ಜಾಗವನ್ನು ಖಾಲಿ ಬಿಡಿ, ಅದು ಮಗಳ ಆಯ್ಕೆ. ಅವಳು ‘ಜಿಸೆಲ್’ ಹಚ್ಚಿಕೊಂಡಿದ್ದರೆ ಮಾತ್ರ ಅಕ್ರಂ ಖಾನ್ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ 2016ರಲ್ಲಿ ಕಟ್ಟಿದ ‘ಜಿಸೆಲ್’ ತೋರಿಸಿ. ಬಾಂಗ್ಲಾ ಮೂಲದ ಲಂಡನ್ನಿಗ, ಕಥಕ್ ಕಲಿತು ಬೆಳೆದವರು. ಅವರ ಜಿಸೆಲ್ ಮುಚ್ಚಿಹೋದ ಬಟ್ಟೆ ಕಾರ್ಖಾನೆಯ ವಲಸೆ ಕೆಲಸಗಾರ್ತಿ, ವಿಲಿಗಳ ಕೈಯಲ್ಲಿ ಬಿದಿರಿನ ಕೋಲು. ಹಳೆಯದನ್ನು ಎರಡು ಸಲ ನೋಡಿದವರಿಗೆ ಅದು ಎದೆಗೆ ಬಂದು ಬಡಿಯುತ್ತದೆ.

ಇನ್ನು ಕೊಳ್ಳುವ ವಿಚಾರ. ಡಿವಿಡಿಯಲ್ಲಿ ರೀಜನ್ ಕೋಡ್ ಇರುತ್ತದೆ, ಅಂದರೆ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು: ಅಮೆರಿಕ 1, ಯುರೋಪ್ 2, ನಮ್ಮ ದೇಶ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಯುರೋಪ್ ಬಿ, ನಾವು ಸಿ. ನಾನು ಮೊದಮೊದಲು ಹೊರದೇಶದ ಮಾರಾಟಗಾರರೊಬ್ಬರಿಂದ ತರಿಸಿದ ರೀಜನ್ 1ರ ಡಿಸ್ಕ್ ಮನೆಯ ಪ್ಲೇಯರ್‌ನಲ್ಲಿ ಓಡಲೇ ಇಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ರಾಯಲ್ ಬ್ಯಾಲೆಯ ಡಿಸ್ಕ್‌ಗಳನ್ನು ಹೊರತರುವ ಓಪಸ್ ಆರ್ಟೆಯವರದು ಸಾಮಾನ್ಯವಾಗಿ ಎಲ್ಲ ರೀಜನ್‌ಗೂ ನಡೆಯುವಂಥದು, ಆದರೂ ಹಿಂಬದಿಯ ಗುರುತನ್ನು ಫೋಟೋದಲ್ಲಿ ನೋಡಿಯೇ ಆರ್ಡರ್ ಮಾಡಿ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಐದು ಸಲ ಮಾತ್ರ, ಆಮೇಲೆ ಕೊನೆಯದಕ್ಕೇ ಬೀಗ ಬೀಳುತ್ತದೆ. ಟಿವಿ ದೊಡ್ಡದಿದ್ದರೆ ಬ್ಲೂ-ರೇ ತಗೊಳ್ಳಿ. ಟಿವಿಯನ್ನು ‘ವಿವಿಡ್’ ಮೋಡ್‌ನಿಂದ ‘ಸಿನಿಮಾ’ ಮೋಡ್‌ಗೆ ತನ್ನಿ, ಇಲ್ಲವಾದರೆ ಬಿಳಿ ಟುಟು ಹೊಳೆದು ನೆರಿಗೆಯೇ ಕಾಣುವುದಿಲ್ಲ. ‘ಜಿಸೆಲ್’ನ ಎರಡನೆಯ ಅಂಕ ನೀಲಿ ಕತ್ತಲು, ರಾತ್ರಿ ದೀಪ ಆರಿಸಿಯೇ ನೋಡಿ.

ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕೆಂದರೆ ಲಂಡನ್ನಿನ ರಾಯಲ್ ಬ್ಯಾಲೆಯವರದೇ ಸ್ಟ್ರೀಮಿಂಗ್ ಸೇವೆ ಇದೆ, ಒಂದು ತಿಂಗಳು ಹಾಕಿಸಿ. ‘ವರ್ಲ್ಡ್ ಬ್ಯಾಲೆ ಡೇ’ ದಿನ ದೊಡ್ಡ ತಂಡಗಳು ತಮ್ಮ ಬೆಳಗಿನ ಅಭ್ಯಾಸವನ್ನೇ ಉಚಿತವಾಗಿ ನೇರಪ್ರಸಾರ ಮಾಡುತ್ತವೆ, 2014ರಲ್ಲಿ ಶುರುವಾದದ್ದು. ಕಂಬಿ ಹಿಡಿದು ಮಂಡಿ ಬಗ್ಗಿಸುವ ಆ ಮೊದಲ ಪಾಠ ನೋಡಿದರೆ ನಿಮ್ಮ ಮಗಳಿಗೆ ತನ್ನ ಅರೆಮಂಡಿ ನೆನಪಾಗದೆ ಇರದು.

ಡಿಸ್ಕ್ ಇಡುವಾಗ ಪುಸ್ತಕದಂತೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ನಮ್ಮ ಮಳೆಗಾಲದಲ್ಲಿ ಡಬ್ಬಿಯೊಳಗೂ ಬೂಷ್ಟು ಬರುತ್ತದೆ. ಗಾಳಿಯಾಡದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಬದಲಿಸಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ.

ನನ್ನ ಹತ್ತಿರ 2006ರ ‘ಜಿಸೆಲ್’ ಎರಡು ಪ್ರತಿ ಇದೆ, ಒಂದು ಉಡುಗೊರೆಯಾಗಿ ಬಂದದ್ದು. ವಿಳಾಸವನ್ನು ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ. ಈ ವಾರವೇ ಕಳಿಸುತ್ತೇನೆ. 2014ರದನ್ನು ಮಾತ್ರ ನೀವು ಕೊಂಡರೆ ಆಯಿತು.